ಈರಣ್ಣ ಮಿಸ್ತ್ರಿ ಮತ್ತು ಡೀಸೆಲ್ ಮುಳ್ಳು

ಬ್ಯಾಟರಿಯ ಮೇಲೆ ಬಗ್ಗುವ ಮೊದಲು ಈರಣ್ಣ ಮಿಸ್ತ್ರಿ ಕೊರಳಿನ ಬೆಳ್ಳಿ ಕರಡಿಗೆಯನ್ನು ಬೆನ್ನಿನತ್ತ ಸರಿಸಿಕೊಳ್ಳುತ್ತಿದ್ದರು. ಲಿಂಗದ ಕರಡಿಗೆ ತಂತಿಗೆ ತಾಗಿ ಕಿಡಿ ಹಾರಿದರೆ ಗಾಡಿಗೂ ಕೇಡು, ತಮಗೂ ಕೇಡು ಎಂಬುದು ಅವರ ಲೆಕ್ಕ. ಕೆಲಸ ಮುಗಿಸಿ, ಕೈ ತೊಳೆದು, ಅದನ್ನು ಮತ್ತೆ ಎದೆಗೆ ತಂದುಕೊಳ್ಳುವ ತನಕ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಇಳಕಲ್ಲಿನಲ್ಲಿ ಅವರದೊಂದು ತಗಡಿನ ಗ್ಯಾರೇಜು. ಏನೇ ಕೆಟ್ಟು ಬರಲಿ, ಮೊದಲ ಪ್ರಶ್ನೆ ಒಂದೇ: "ಇದಕ್ಕ ಇತ್ತೀಚಿಗೆ ಏನು ಉಪಕಾರ ಮಾಡೀರಿ?" ಜೀಪಿನ ಹಾರ್ನು ನಿಂತಿತೆಂದು ಬಂದ ಡಾಕ್ಟರೊಬ್ಬರು ಈ ಮಾತಿಗೆ ಮುಖ ಗಂಟು ಹಾಕಿಕೊಂಡಿದ್ದರು. ಹಿಂದಿನ ದಿನ ಬಾನೆಟ್ ಎತ್ತಿ ಕೊಡಗಟ್ಟಲೆ ನೀರು ಸುರಿದು ತೊಳೆಸಿದ್ದು ಕೊನೆಗೆ ಅವರ ಬಾಯಿಂದಲೇ ಹೊರಬಿತ್ತು.

ನಾನು ಅವರ ಋಣಕ್ಕೆ ಬಿದ್ದದ್ದು ಎಂಬತ್ತರ ದಶಕದ ಮೊದಲಲ್ಲಿ. ಕೃಷ್ಣೆಯ ಹಿನ್ನೀರಿನಲ್ಲಿ ಸರ್ವೆಗೆಂದು ಇಟ್ಟಿದ್ದ ಲಾಂಚಿಗೆ ನಾನು ದಿನಗೂಲಿ ಡ್ರೈವರ್. ಮಹಾನವಮಿಯ ಖಂಡೆಪೂಜೆಗೆ, ಅಂದರೆ ಆಯುಧಪೂಜೆಗೆ, ಲಾಂಚನ್ನೆಲ್ಲ ತೊಳೆದೆ. ಡೀಸೆಲ್ ಟ್ಯಾಂಕಿಗೂ ನೀಲಿ ಪೇಂಟು ಬಳಿದೆ. ಭಕ್ತಿ ಹೆಚ್ಚಾಗಿ, ಟ್ಯಾಂಕನ್ನು ಇಂಜಿನ್ನಿಗೆ ಕೂಡಿಸುವ ಅರ್ಥಿನ ತಂತಿಯ ಬೋಲ್ಟನ್ನೂ ಬಿಚ್ಚಿ, ಅದರ ಅಡಿಗೂ ಬಳಿದು ಬಿಗಿದೆ. ಹಬ್ಬ ಮುಗಿದ ಮೇಲೆ ಟ್ಯಾಂಕು ತುಂಬಿಸಿದೆವು. ಮರುದಿನ ಸರ್ವೆಯ ಸಾಹೇಬರು ಬಂದು ನೋಡಿದರೆ ಡೀಸೆಲ್ ಮೀಟರಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಟ್ಯಾಂಕಿನ ಕೊಳವೆ ಸೊಟ್ಟ, ಕೋಲು ಇಳಿಸಿ ನೋಡುವಂತಿರಲಿಲ್ಲ. ಡೀಸೆಲ್ ಮಾರಿಕೊಂಡಿದ್ದೀ, ನಾಳೆಯಿಂದ ಬರಬೇಡ ಎಂದುಬಿಟ್ಟರು. ಮನೆಯಲ್ಲಿ ಹೆಂಡತಿ, ಎರಡು ಕೂಸು. ಮೀಟರನ್ನಾದರೂ ಒಮ್ಮೆ ಮಿಸ್ತ್ರಿಗೆ ತೋರಿಸಿರೆಂದು ಅಂಗಲಾಚಿದೆ.

ಮಿಸ್ತ್ರಿ ಬಂದರು. ನನ್ನನ್ನು ಅದಕ್ಕೂ ಮೊದಲು ಅವರು ಕಂಡದ್ದು ಒಂದೆರಡು ಸಲವಷ್ಟೇ. ಸಾಹೇಬರು ಅವರೆದುರಿಗೂ ನನ್ನನ್ನು ಕಳ್ಳನೆಂದರು. ಮಿಸ್ತ್ರಿ ಇನ್ನೂ ಪಾನಾ, ಇಕ್ಕಳಗಳ ಚೀಲವನ್ನೂ ಬಿಚ್ಚಿರಲಿಲ್ಲ.

"ಇವ ಕದಿಯೋ ಪೈಕಿ ಅಲ್ರಿ ಸಾಹೇಬ್ರ. ಇವಗ ನಾ ಜಾಮೀನು."

ಆಮೇಲೆ ಟ್ಯಾಂಕಿನಿಂದ ಮೀಟರಿಗೆ ಹೋಗುವ ತಂತಿ ಬಿಚ್ಚಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿದರು. ಮುಳ್ಳು ಸರ್ರನೆ ಎದ್ದು ಆ ತುದಿಗೆ ಹೋಯಿತು. ಮೀಟರೂ ಸರಿ, ತಂತಿಯೂ ಸರಿ, ದೋಷವೆಲ್ಲ ಟ್ಯಾಂಕಿನ ಕಡೆಗೇ ಎಂದರು. ಏನು ಉಪಕಾರ ಮಾಡಿದೆ ಎಂದು ನನ್ನನ್ನು ಕೇಳಿದರು; ಹೇಳಿದೆ. ಅರ್ಥಿನ ಬೋಲ್ಟು ಬಿಚ್ಚಿ, ಕರೆಂಟು ಹರಿಯದಂತೆ ತಡೆದಿದ್ದ ಅಡಿಯ ಪೇಂಟನ್ನು ಕಬ್ಬಿಣ ಹೊಳೆಯುವ ತನಕ ಚಾಕುವಿನಿಂದ ಕೆರೆದರು. ಎರಡೂ ತಂತಿ ಬಿಗಿದಾಗ ಮುಳ್ಳು ನಿಧಾನಕ್ಕೆ ಏರಿ, ಟ್ಯಾಂಕು ತುಂಬಿದೆ ಎಂದು ತೋರಿಸಿ ನಿಂತಿತು. ಸಾಹೇಬರು ದಂಡೆ ಹತ್ತಿ ಹೋದರು; ನನ್ನ ಕೆಲಸ ಉಳಿಯಿತು. ನನಗೆ ಅಳು ತಡೆಯಲಾಗಲಿಲ್ಲ.

ಕೆಲವು ವರ್ಷಕ್ಕೆ ನನ್ನ ನೌಕರಿ ಕಾಯಂ ಆಯಿತು. ಪೇಢೆ ಕಟ್ಟಿಸಿಕೊಂಡು ಇಳಕಲ್ಲಿಗೆ ಹೋದೆ. ಮಿಸ್ತ್ರಿಗೆ ಆಗಲೇ ವಯಸ್ಸಾಗಿತ್ತು. ಅಂದು ಬಿಚ್ಚಿ ನೋಡುವ ಮೊದಲೇ ನಾನು ಕದ್ದಿಲ್ಲವೆಂದು ಹೇಗೆ ತಿಳಿಯಿತು ಎಂದು ಕೇಳಿದೆ.

"ನನಗೆಲ್ಲಿ ತಿಳಿದಿತ್ತೋ ತಮ್ಮಾ."

ಹಾಗಾದರೆ ಟ್ಯಾಂಕು ಖಾಲಿ ಇದ್ದಿದ್ದರೆ?

"ಇಬ್ಬರೂ ತಲಿ ತಗ್ಗಿಸಿ ನಿಲ್ತಿದ್ವಿ. ನೀ ಒಬ್ಬನ ನಿಂತಿದ್ದಿ, ನೋಡಾಕ ಆಗಲಿಲ್ಲ."

ಪೇಢೆಯ ಪೊಟ್ಟಣ ಕೈಗಿಟ್ಟು ಕಾಲು ಮುಟ್ಟಿದೆ. ಮುಂದಿನ ವರ್ಷ ಹೋದಾಗ ಮಿಸ್ತ್ರಿ ತೀರಿಕೊಂಡಿದ್ದರು; ಆ ತಗಡಿನ ಕೆಳಗೆ ಬೇರೆ ಯಾರೋ ಇದ್ದರು. ಇವತ್ತು ನಾನು ಉಣ್ಣುವ ಪಿಂಚಣಿಯ ರೊಟ್ಟಿ ಅವರು ಕೊಟ್ಟದ್ದು.