ತಂತಿ ಎತ್ತುವ ಯಮನೂರಸಾಬ

ಹಿರೇವಡ್ಡಟ್ಟಿಯ ಯಮನೂರಸಾಬ ಏನು ಕೆಲಸ ಮಾಡುತ್ತಾನೆ ಎಂದು ಕೇಳಿದರೆ ಊರವರು ನಗುತ್ತಾರೆ. "ತಂತಿ ಎತ್ತತಾನ್ರಿ" ಎನ್ನುತ್ತಾರೆ. ನಗುವವರು ನಗಲಿ. ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರದ ರೆಕ್ಕೆಗಳೇನು ತಾವಾಗಿಯೇ ಹಾರಿ ಬಂದವೆ? ಒಂದೊಂದು ರೆಕ್ಕೆ ಒಂದು ಓಣಿಯಷ್ಟು ಉದ್ದ. ಪೂರ್ವದ ಕಡಲ ಬಂದರಿನಿಂದ ಟ್ರೇಲರ್ ಮೇಲೆ ಮಲಗಿಕೊಂಡು ಬರುತ್ತವೆ. ದಾರಿಗೆ ಅಡ್ಡವಾಗುವ ಕರೆಂಟಿನ ತಂತಿಯನ್ನು ಉದ್ದನೆಯ ಕೋಲಿನಿಂದ ಎತ್ತಿ, ರೆಕ್ಕೆಯ ಬಾಲ ದಾಟುವ ತನಕ ಹಿಡಿಯಲು ಮೇಲೊಬ್ಬ ಮನುಷ್ಯ ಬೇಕು. ಆ ಮನುಷ್ಯ ಇವನು.

ಮನೆತನದ ಕಸುಬು ಪಿಂಜಾರಿಕೆ. ಅಪ್ಪ ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಸ್ಪಂಜಿನ ಗಾದಿ ಬಂದಮೇಲೆ ಹತ್ತಿ ಹಿಂಜುವ ಬಿಲ್ಲು ಅಟ್ಟ ಸೇರಿತು, ಮಗ ಟ್ರೇಲರ್ ಹತ್ತಿದ. ಹತ್ತಿದ ಮೇಲೆ ಅವನಿಗೆ ಸ್ವಲ್ಪ ಹೆಮ್ಮೆಯೂ ಬಂತು, ಅದನ್ನೇಕೆ ಮುಚ್ಚಿಡಬೇಕು? ಆಂಧ್ರದಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಹಾದು ಹುಬ್ಬಳ್ಳಿ ಧಾರವಾಡದಾಚೆಗೆ ಕಾಡು ಹೊಗುವ ಅರವತ್ತೇಳನೇ ನಂಬರಿನ ಹೆದ್ದಾರಿಯನ್ನು ಅವನಷ್ಟು ಎತ್ತರದಿಂದ, ಅವನಷ್ಟು ನಿಧಾನವಾಗಿ ನೋಡಿದವರು ಕಡಿಮೆ. ಹಳಬರು ಅದನ್ನು ಇನ್ನೂ ಅರವತ್ತಮೂರು ಎನ್ನುತ್ತಾರೆ. ನಂಬರು ಬದಲಾಯಿಸುವುದು ಸುಲಭ, ತಗ್ಗು ಮುಚ್ಚುವುದು ಕಷ್ಟ. ಕೆಲವು ಕಡೆ ಆ ರಸ್ತೆ ಊಟದ ತಾಟಿನಷ್ಟು ನುಣುಪು. ಕೆಲವು ಕಡೆ ಸೇತುವೆ ಕೆಡವಿ, ಪಕ್ಕಕ್ಕೆ ಮಣ್ಣಿನ ದಾರಿ ಮಾಡಿ, ಬೋರ್ಡು ನೆಟ್ಟು ಹೋದವರು ತಿರುಗಿ ನೋಡಿಲ್ಲ. ಟೋಲು ಮಾತ್ರ ಎಲ್ಲ ಕಡೆ ಒಂದೇ ಸಮನೆ ನುಣುಪಾಗಿ ಕತ್ತರಿಸುತ್ತದೆ.

ಮಗಳು ಕೈನಾತ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅಳಿಯ ತನ್ವೀರ ಗೋವಾದಲ್ಲಿ ಟೈಲ್ಸ್ ಹಾಕುತ್ತಾನೆ. ಅಂದು ಬೆಳಿಗ್ಗೆ ಟ್ರೇಲರ್ ಕೊಪ್ಪಳದಿಂದ ಗದಗಿನ ಕಡೆ ಹೊರಟಿದ್ದಾಗ ಹೆಂಡತಿ ಕೌಸರಳ ಫೋನು ಬಂತು.

"ಮುಂಡರಗಿ ಡಾಕ್ಟರ್ ಗದಗಿಗೆ ಒಯ್ಯಿರಿ ಅಂದಾರ. ಕೂಸಿನ ಎದಿಬಡಿತ ಕಮ್ಮಿ ಆಗೇತಂತ. ಆ್ಯಂಬುಲೆನ್ಸಿನಂವ ಯಾವ ದಾರಿಗೆ ಹೋಗೂನು ಅಂತ ಕೇಳಾಕತ್ಯಾನ."

ಯಮನೂರಸಾಬ ಯೋಚಿಸಲೇ ಇಲ್ಲ. "ಒಳದಾರಿ ಬ್ಯಾಡ. ಉಸುಕಿನ ಲಾರಿ ಅಡ್ಡಾಡಿ ಕುಲಗೆಟ್ಟು ಹೋಗೇತಿ, ಹುಡುಗಿ ಹೊಟ್ಟಿ ಕುಲುಕತೈತಿ. ಹಳ್ಳಿಗುಡಿ ಮ್ಯಾಲೆ ಹೈವೇ ಹಿಡೀರಿ. ಜಲ್ದೀನೂ ಆಕ್ಕೈತಿ."

ಅವನ ಲೆಕ್ಕ ತಪ್ಪಲ್ಲ. ಅವರು ಹೆದ್ದಾರಿಗೆ ಬರುವ ಹೊತ್ತಿಗೆ ತನ್ನ ಟ್ರೇಲರ್ ಗದಗ ಮುಟ್ಟಿರುತ್ತದೆ ಎಂದುಕೊಂಡಿದ್ದ.

ಹಳ್ಳಿಗುಡಿ ದಾಟಿ, ಲಕ್ಕುಂಡಿಗೆ ಇನ್ನೂ ದೂರವಿರುವಾಗ, ಕೆಡವಿದ ಸೇತುವೆಯ ಪಕ್ಕದ ಮಣ್ಣಿನ ದಾರಿಯಲ್ಲಿ ಟ್ರೇಲರಿನ ಹಿಂದಿನ ಗಾಲಿಗಳು ಹುಗಿದುಕೊಂಡವು. ಆ ದಾರಿ ಮಾಡಿದವರು ಮಣ್ಣು ಏರಿಸಿದ್ದರು, ಮೇಲಿನ ತಂತಿ ಏರಿಸಿರಲಿಲ್ಲ. ಗಾಡಿ ನಿಂತಾಗ ಆ ತಂತಿ ಯಮನೂರಸಾಬನ ಕೋಲಿನ ತುದಿಯಲ್ಲಿತ್ತು. ಬಿಟ್ಟರೆ ರೆಕ್ಕೆಯನ್ನು ಬಿಗಿದ ಕಬ್ಬಿಣದ ಚೌಕಟ್ಟಿನ ಮೇಲೇ ಬಿದ್ದು ಗಾಡಿಗೆಲ್ಲ ಕರೆಂಟು ಹರಿಯಬೇಕು. ಗಾಡಿಯ ಸುತ್ತ ಜನ ಮೈಗೆ ಮೈ ತಾಗಿಸಿ ನಿಂತಿದ್ದರು. ಡ್ರೈವರ್ ಶಫೀಕ ಬ್ರೇಕ್ ತುಳಿದುಕೊಂಡು ಕುಳಿತಿದ್ದ. ಜೊತೆಗಾರ ಸಂಗಪ್ಪ ಲೈನ್ ಬಂದ್ ಮಾಡಿಸಲು ಯಾರದೋ ಬೈಕ್ ಹತ್ತಿ ಓಡಿದ. ಒಬ್ಬ ತರುಣ "ನಾ ಹಿಡೀತೀನಿ ಕೊಡ್ರಿ" ಎಂದು ಮೇಲೆ ಹತ್ತಿದ. ಕೋಲು ಕೈ ಬದಲಾಯಿಸುವಾಗ ತಂತಿ ಜಾರಿ ಕಿಡಿ ಉದುರಿತು. ತರುಣ ಹತ್ತಿದ್ದಕ್ಕಿಂತ ಬೇಗ ಇಳಿದ. ಆಮೇಲೆ ಯಾರೂ ಹತ್ತಲಿಲ್ಲ.

ಹಿಂದೆ ವಾಹನಗಳು ಸಾಲುಗಟ್ಟಿದವು. ಆ ಸಾಲಿನ ದೂರದ ತುದಿಯಿಂದ ಸೈರನ್ ಕೇಳತೊಡಗಿತು. ಹೆದ್ದಾರಿಯಲ್ಲಿ ನೂರು ಆ್ಯಂಬುಲೆನ್ಸ್ ಓಡಾಡುತ್ತವೆ, ಇದು ಅದೇ ಆಗಬೇಕೆಂದೇನು ಎಂದು ಯಮನೂರಸಾಬ ತನಗೆ ತಾನೇ ಹೇಳಿಕೊಂಡ. ಕುತ್ತಿಗೆ ಹೊರಳಿಸಿ ನೋಡಿದ. ಲಾರಿಗಳ ಮಧ್ಯೆ ಒಬ್ಬ ಹೆಂಗಸು ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಓಡಿ ಬರುತ್ತಿದ್ದಳು. ಬಂದವಳು ಟ್ರೇಲರಿನ ಪಕ್ಕ ನಿಂತು, ಕೈ ಎತ್ತಿ ಬೈಯತೊಡಗಿದಳು.

"ಏ ಮ್ಯಾಲೆ ನಿಂತಂವಾ! ನಿನ್ನ ಬಾಳೇವು ಹಾಳಾಗ್ಲಿ! ನಿನಗೇನು ಹೆಣ್ಣಮಕ್ಕಳಿಲ್ಲೇನು? ಗಾಡಿ ಸರಸೋ!"

"ಕೌಸರ" ಎಂದ ಅವನು.

ಎತ್ತಿದ ಕೈ ಹಾಗೇ ನಿಂತಿತು. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ನೀವಾ?"

"ತಂತಿ ಐತಿ. ಬಿಡಾಕ ಬರಂಗಿಲ್ಲ."

"ನೀವು ಹೇಳಿದ ದಾರಿಗೇ ಬಂದ್ವಿ" ಎಂದಳು ಕೌಸರ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ಸೇರಿದ ಜನ ಒಳ್ಳೆಯವರು. ಸ್ಟ್ರೆಚರನ್ನು ಹೆಗಲ ಮೇಲೆ ಹೊತ್ತು, ಲಾರಿಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಬಂದರು. ಟ್ರೇಲರಿನ ಪಕ್ಕ, ಅವನು ಎತ್ತಿಹಿಡಿದ ತಂತಿಯ ಕೆಳಗೇ ಅದನ್ನು ದಾಟಿಸಬೇಕಿತ್ತು. "ಅಣ್ಣಾ, ಘಟ್ಟಿ ಹಿಡಿಯೋ" ಎಂದು ಯಾರೋ ಕೂಗಿದರು. ಮಗಳು ಕೆಳಗೆ ಹಾದು ಹೋದಳು. ತುಟಿ ಕಚ್ಚಿಕೊಂಡಿದ್ದಳು, ಕಣ್ಣು ತೆರೆದೇ ಇದ್ದವು. ಅಪ್ಪನನ್ನು ಕಂಡಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರವೇನೂ ಅಲ್ಲ, ಆದರೂ ಅವನಿಗೆ ಹಾಗೆ ಅನಿಸಿತು.

ಆಚೆ ಬದಿಯಲ್ಲಿ ಉಳ್ಳಾಗಡ್ಡಿ ಚೀಲ ಹೇರಿಕೊಂಡು ನಿಂತಿದ್ದ ಮೂರು ಗಾಲಿಯ ಟಂಟಂ ಒಂದಿತ್ತು. ಅದನ್ನು ಓಡಿಸುವ ಹುಲಿಗೇಶ ಎಂಬವನು ಚೀಲಗಳನ್ನು ರಸ್ತೆಗೇ ಒಗೆದು ಜಾಗ ಮಾಡಿದ. ಕೈನಾತಳನ್ನು ಮಲಗಿಸಿ ಆ್ಯಂಬುಲೆನ್ಸಿನ ನರ್ಸಮ್ಮನೂ ಕೌಸರಳೂ ಹತ್ತಿದರು. ಟಂಟಂ ಗದಗಿನ ಕಡೆ ತಿರುಗಿ, ತಗ್ಗಿನಲ್ಲಿ ಒಮ್ಮೆ ಜೋರಾಗಿ ಕುಲುಕಿ, ಮರೆಯಾಯಿತು.

ಸಂಗಪ್ಪ ಬರಲಿಲ್ಲ. ಲೈನ್‌ಮನ್ ಬೇರೆ ಊರಿನಲ್ಲಿದ್ದಾನಂತೆ, ಕರೆಸುತ್ತಿದ್ದಾರಂತೆ ಎಂದು ಕೆಳಗಿನವರು ಹೇಳಿದರು. ಯಮನೂರಸಾಬನ ರಟ್ಟೆಗಳು ಮರಗಟ್ಟಿದವು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಾಗಲಿಲ್ಲ. ಯಾ ಅಲ್ಲಾ, ನನ್ನ ಕೈ ಕಡಿದುಕೊ, ಅವರನ್ನು ಮುಟ್ಟಿಸು ಎಂದು ಬೇಡಿಕೊಂಡ.

ಅಷ್ಟರಲ್ಲಿ ಅಂಗಿಯ ಕಿಸೆಯಲ್ಲಿದ್ದ ಫೋನು ಗಂಟೆ ಬಾರಿಸತೊಡಗಿತು. ಎದೆಯ ಮೇಲೇ ಬಾರಿಸುತ್ತಿತ್ತು. ಗದ್ದದಿಂದ ಒತ್ತಲು ನೋಡಿದ, ಎಟುಕಲಿಲ್ಲ. ನಿಂತಿತು. ಮತ್ತೆ ಬಾರಿಸಿತು. ಕೆಳಗಿನವನೊಬ್ಬ, "ಫೋನ್ ಬರಾಕತ್ತೇತಿ ನೋಡ್ರಿ" ಎಂದು ನೆನಪು ಮಾಡಿದ. ನೆನಪು ಮಾಡುವವರಿಗೇನು ಬರ! ಇನ್ನೊಮ್ಮೆ ಬಾರಿಸಿ, ಅರ್ಧಕ್ಕೇ ನಿಂತುಹೋಯಿತು.

ಸಂಗಪ್ಪ ಒಂದು ಕ್ರೇನಿನ ಜೊತೆ ಬಂದು "ಲೈನ್ ಬಂದ್ ಆತು, ಬಿಡೋ" ಎಂದಾಗ ಬಿಡಲು ಬೆರಳುಗಳೇ ಬಿಚ್ಚಲಿಲ್ಲ. ಸಂಗಪ್ಪ ಮೇಲೆ ಹತ್ತಿ ಒಂದೊಂದಾಗಿ ಬಿಡಿಸಿದ, ಫೋನು ಹಚ್ಚಿ ಅವನ ಕಿವಿಗೆ ಹಿಡಿದ.

"ಗಂಡು ಹುಟ್ಟಿತ್ತು" ಎಂದಳು ಕೌಸರ. "ಗಾಡ್ಯಾಗ. ಕೈನಾತ ಅದಾಳ, ದವಾಖಾನಿ ಮುಟ್ಟೇವಿ. ಕೂಸು ಉಳೀಲಿಲ್ಲ. ಸ್ವಲ್ಪ ಹೊತ್ತು ಉಸಿರಿತ್ತು."

ಅವನು ಕಿವಿಯನ್ನು ಫೋನಿಗೆ ಇನ್ನಷ್ಟು ಒತ್ತಿದ.

"ಬಾಂಗ್ ಕೊಡಾಕ ನಮ್ಮ ಪೈಕಿ ಗಂಡಸರು ಯಾರೂ ಇದ್ದಿಲ್ಲ. ನನಗ ಪೂರಾ ಬರಂಗಿಲ್ಲ. ಅದಕ್ಕ ನಿಮಗ ಹಚ್ಚಿ, ಫೋನ್ ಅದರ ಕಿವಿಗೆ ಹಿಡಿದಿದ್ದೆ. ನೀವು ಎತ್ತತೀರಿ ಅಂತ. ಗಂಟಿ ಬಾರಸೂದಷ್ಟ ಕೇಳಿ ಹೋತು ಕೂಸು."

ಹುಟ್ಟಿದ ಮಗುವಿನ ಕಿವಿಗೆ ಬೀಳುವ ಮೊದಲ ಮಾತು ಬಾಂಗ್, ಅಂದರೆ ನಮಾಜಿನ ಕರೆ, ಆಗಬೇಕು. ಅವರ ಮನೆಯಲ್ಲಿ ಅದನ್ನು ಅಜ್ಜನೇ ಕೊಡುವುದು.

"ಈಗ ಹಿಡಿ" ಎಂದ ಯಮನೂರಸಾಬ.

"ಇನ್ನ ಯಾಕ?"

"ಹಿಡಿ ಕೌಸರ."

ಅವಳು ಹಿಡಿದಳೋ ಇಲ್ಲವೋ, ಆ ಕಡೆಯಿಂದ ಸದ್ದು ನಿಂತಿತು. ರೆಕ್ಕೆಯ ಮೇಲೆ ಕುಳಿತು ಅವನು ಮೆಲ್ಲನೆ ಬಾಂಗ್ ಶುರು ಮಾಡಿದ. ಅರ್ಧಕ್ಕೆ ಬಂದಿದ್ದ, ಅಷ್ಟರಲ್ಲಿ ಕೆಳಗೆ ಕ್ರೇನು ಹಗ್ಗ ಎಳೆಯಿತು, ಗಾಲಿ ಮೇಲೆದ್ದಿತು, ಜನ ಹೋ ಎಂದು ಕೂಗಿದರು. ಸಾಲಿನ ಲಾರಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಅವನು ಹೇಳುತ್ತಿದ್ದದ್ದು ಅವನಿಗೇ ಕೇಳಿಸಲಿಲ್ಲ.