ಮೂರು ಬೆರಳು ಕೆಳಗೆ

ಮಿಸ್ತ್ರಿಯವರ ಗಡ್ಡಕ್ಕೆ ಎರಡು ಬಣ್ಣ. ಬಲಗಡೆ ಮೆಹಂದಿಯ ಕೆಂಪು, ಎಡಗಡೆ ಎಂಜಿನ್ ಎಣ್ಣೆಯ ಕಪ್ಪು. ವಿಚಾರಕ್ಕೆ ಬಿದ್ದರೆ ಎಡಗೈಯಿಂದ ಗಡ್ಡ ಎಳೆದುಕೊಳ್ಳುವ ಚಟ ಅವರಿಗೆ. ಆ ಕೈಗೆ ಗ್ರೀಸು ಮೆತ್ತಿರದ ಗಳಿಗೆಯೇ ಇರುತ್ತಿರಲಿಲ್ಲ. ಶುಕ್ರವಾರ ನಮಾಜಿಗೆ ಹೋಗುವ ಮುಂಚೆ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ತಿರುಗಿ ಬಂದು ಯಾವುದೋ ಪಂಪಿನ ಮುಂದೆ ಕೂತರೆ ಅರ್ಧ ತಾಸಿನೊಳಗೆ ಮತ್ತೆ ಎರಡು ಬಣ್ಣ.

ಸಿಂದಗಿಯ ಬಸ್ ನಿಲ್ದಾಣದ ಹಿಂದೆ ಬೇವಿನ ಗಿಡದ ಕೆಳಗೆ ಅವರ ತಗಡಿನ ಶೆಡ್ಡು. ಬಾವಿಯ ಎಂಜಿನ್ನು, ಹಿಟ್ಟಿನ ಗಿರಣಿ, ಬಸ್ಸು, ಫಟಫಟಿ ಎನ್ನುವ ಮೋಟಾರ್ ಸೈಕಲ್ಲು, ಕೆಟ್ಟು ನಿಂತದ್ದೆಲ್ಲ ಅಲ್ಲಿಗೆ ಬರುತ್ತಿತ್ತು. ಊರಿಗೆ ಊರೇ ಅವರನ್ನು ಮಿಸ್ತ್ರಿ ಎನ್ನುತ್ತಿತ್ತು. ಬುತ್ತಿ ತಂದ ಹೆಂಡತಿ ಕೂಡ, "ಮಿಸ್ತ್ರಿ, ಕೈ ತೊಳಕೋರಿ" ಎನ್ನುತ್ತಿದ್ದರು. ಯಾರಾದರೂ ಬಂದು ಇದನ್ನು ಬದಲಿಸಿ, ಅದನ್ನು ಬಿಚ್ಚಿ ಎಂದು ಶಾಣ್ಯಾತನ ತೋರಿಸಿದರೆ ಅವರದು ಒಂದೇ ಮಾತು. "ರೋಗ ನೀವ್ ಹೇಳ್ರಿ, ಔಷಧ ನಾ ಹೇಳ್ತೇನಿ."

ನನ್ನ ರೋಗ ಗಿಡ್ಡತನ. ನಮ್ಮ ಮನೆಯಲ್ಲಿ ಎಲ್ಲರೂ ಎತ್ತರದವರು. ಅಪ್ಪನ ರುಮಾಲು ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು, ಅಣ್ಣ ಆರಡಿ. ನಾನೊಬ್ಬ ಐದಡಿಗೆ ಎರಡಿಂಚು ಕಡಿಮೆ. "ನಿನ್ನ ಪಾಳಿ ಬರೂದ್ರಾಗ ಹಿಟ್ಟ ತೀರಿತ್ತೋ ತಮ್ಮಾ" ಎಂದು ಅವ್ವ ನಗುತ್ತಿದ್ದಳು. ಆಗ ನಾನು ಸರ್ಕಾರಿ ಮೋಜಣಿದಾರ. ಹೊಲ ಅಳೆಯಲು ಹಳ್ಳಿ ಹಳ್ಳಿಗೆ ಸೈಕಲ್ಲು ತುಳಿಯುತ್ತಿದ್ದೆ. ಅರವತ್ತರ ದಶಕದ ಮೊದಲ ವರ್ಷಗಳ ಮಾತು.

ಅಣ್ಣ ಮಿಲಿಟರಿಯಲ್ಲಿದ್ದಾಗ ಪುಣೆಯಲ್ಲಿ ಒಂದು ಹಳೆಯ ವಿಲಾಯತಿ ಫಟಫಟಿ ಕೊಂಡು ತಂದಿದ್ದ. ಅದರ ಸಪ್ಪಳ ಊರ ಹೊರಗೆ ಕೇಳಿಸಿದರೆ ಸಾಕು, ಅವ್ವ ತವೆ ಇಡುತ್ತಿದ್ದಳು. ಮೂವತ್ತು ತುಂಬುವ ಮೊದಲೇ ಅವನು ವಿಷಮಜ್ವರದಲ್ಲಿ ಹೋಗಿಬಿಟ್ಟ. ಗಾಡಿ ಒಂದು ವರ್ಷ ದನದ ಕೊಟ್ಟಿಗೆಯ ಮೂಲೆಯಲ್ಲಿ ಕಂಬಳಿ ಹೊದ್ದು ನಿಂತಿತು. ನನಗೆ ಅದು ಬೇಕಿತ್ತು. ಅಣ್ಣನ ಸಪ್ಪಳ ಅದೊಂದರಲ್ಲೇ ಉಳಿದಿತ್ತು. ಧೈರ್ಯ ಮಾಡಿ ಹತ್ತಿ ಕೂತರೆ ಎರಡೂ ಕಾಲು ಜೋತಾಡಿದವು. ಅಂಗಳ ದಾಟುವ ಮೊದಲೇ ಗಾಡಿ ಮೇಲೆ, ನಾನು ಕೆಳಗೆ.

ಅಪ್ಪ ಎತ್ತಿ ನಿಲ್ಲಿಸಿ ಧೂಳು ಝಾಡಿಸಿದ. "ನೆಲಾ ಮುಟ್ಟದವ ಇದರ ಉಸಾಬರಿಗಿ ಹೋಗಬ್ಯಾಡ. ನಿನಗೇನರ ಆದ್ರ ಇನ್ನೊಂದ ಮಗನ್ನ ನಾ ಎಲ್ಲಿಂದ ತರ್ಲಿ?" ಎಂದ. ತಾಳಿಕೋಟೆಯ ವ್ಯಾಪಾರಿಯೊಬ್ಬ ಗಾಡಿ ಕೇಳಿದ್ದ. ಕಾರಹುಣ್ಣಿಮೆ ಆದ ಮೇಲೆ ಒಯ್ಯಿರಿ ಎಂದು ಅಪ್ಪ ಮಾತು ಕೊಟ್ಟುಬಿಟ್ಟ.

ಮರುದಿನವೇ ಗಾಡಿ ನೂಕಿಕೊಂಡು ಮಿಸ್ತ್ರಿಯವರ ಶೆಡ್ಡಿಗೆ ಹೋದೆ. ವಯಸ್ಸಿನಲ್ಲಿ ಹಿರಿಯರಾದರೂ ಅಣ್ಣನಿಗೆ ಗೆಳೆಯರು ಅವರು. ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಆಮೇಲೆ, "ಚಪ್ಪಲಿ ತಗಿ" ಎಂದರು. "ಅದನ್ನ ನಂಬಿ ಅಳತಿ ಮಾಡಬಾರದು. ನಾಳೆ ಸವದ್ ಹೋಗ್ತೈತಿ." ಕಲ್ಲಿನ ಪರ್ಸಿಯ ಮೇಲೆ ನನ್ನನ್ನು ಬರಿಗಾಲಲ್ಲಿ ನಿಲ್ಲಿಸಿ ಸೊಂಟದಿಂದ ಹಿಮ್ಮಡಿಯವರೆಗೆ ಗೇಣು ಹಾಕಿದರು. ಊರವರ ಹೊಲ ಅಳೆಯುವವನು ಕೈಕಟ್ಟಿ ನಿಂತು ಅಳೆಸಿಕೊಂಡೆ.

"ಸೀಟಿನ ಗಾದಿ ತಗದ್ರ ಸಾಕಾಗಂಗಿಲ್ಲೇನ್ರಿ ಕಾಕಾ?"

"ಗಾದಿ ತಗದ್ರ ಒಂದ ಬೆರಳ ಇಳೀತೈತಿ. ಉಳದದ್ದು ನಿನ್ನ ಕುಂಡಿ ಸವದ್ ಇಳೀಬೇಕು. ಮೂರ ಬೆರಳ ಬೇಕು ನಿನಗ. ಸ್ಪ್ರಿಂಗ್ ಗಿಡ್ಡ ಮಾಡೂಣು."

ಕಡಿಯುತ್ತಾರೆ ಎಂದು ನನ್ನ ಮುಖ ಸಣ್ಣದಾಗಿರಬೇಕು. ಅವರು ಗಡ್ಡ ಎಳೆದುಕೊಂಡು, "ನಿಮ್ಮಣ್ಣಂದು ಒಂದ ಸುತ್ತೂ ಕಡಿಯಂಗಿಲ್ಲ" ಎಂದರು. ಅದು ಅವರ ಪದ್ಧತಿ. ಯಾವ ಗಾಡಿಯ ಮೂಲ ಸಾಮಾನಿಗೂ ಗರಗಸ ಇಡುತ್ತಿರಲಿಲ್ಲ. ಅರಳೆ ಗಿರಣಿಯ ಗುಜರಿಯಲ್ಲಿ ಎಂಟು ದಿನ ಹುಡುಕಿ, ಅದೇ ದಪ್ಪದ ತಂತಿಯ, ಉದ್ದ ಕಡಿಮೆಯಿದ್ದ ಸ್ಪ್ರಿಂಗುಗಳನ್ನು ಆರಿಸಿ ತಂದರು. ಅಣ್ಣನ ಗಾಡಿಯಿಂದ ಬಿಚ್ಚಿದವನ್ನು ಎಣ್ಣೆ ಒರೆಸಿ, ಹಳೆಯ ಧೋತರದಲ್ಲಿ ಗಂಟು ಕಟ್ಟಿ ಶೆಡ್ಡಿನ ತೊಲೆಗೆ ತೂಗುಹಾಕಿದರು. "ಉದ್ದನ್ನವ್ರು ಯಾರರ ಬಂದ್ರ ಹೊಳ್ಳಿ ಏರಿಸಾಕ ಅರ್ಧಾ ತಾಸ ಸಾಕು."

ಹಿಂದಿನ ಎರಡು ಸ್ಪ್ರಿಂಗು ಕೂಡಿಸಿದ ಕೂಡಲೇ ಹತ್ತಿ ಕೂತೆ. ಎರಡೂ ಪಾದ ನೆಲದ ಮೇಲೆ! ಆ ತಣ್ಣನೆಯ ಕಲ್ಲು ತಾಗಿದ್ದು ಇವತ್ತಿಗೂ ಅಂಗಾಲಿಗೆ ನೆನಪಿದೆ. ಕಿಕ್ ಹೊಡೆಯಲು ಹೋದೆ. ಮಿಸ್ತ್ರಿ ಹ್ಯಾಂಡಲ್ ಹಿಡಿದು ನಿಲ್ಲಿಸಿದರು.

"ಗಡಬಡಿ ಮಾಡಬ್ಯಾಡ. ಬರೇ ಹಿಂದ ಇಳಿಸಿದ್ರ ಮೂತಿ ಎತ್ತಿ ಎಲ್ಲೆರ ಹೊಕ್ಕೈತಿ ಅದು. ಹಿಂದ ಎಷ್ಟ ಇಳಿಸ್ತೀವಿ, ಮುಂದೂ ಅಷ್ಟ ಇಳಿಸಬೇಕು."

ಮುಂದಿನ ಗಾಲಿ ಹಿಡಿದ ಎರಡು ಕೊಳವೆ ಬಿಚ್ಚಿ ಅದೇ ಮೂರು ಬೆರಳು ಇಳಿಸಲು ಮತ್ತೆ ಎರಡು ದಿನ ಹಿಡಿಯಿತು. ಗಾಡಿ ಕುಳ್ಳಾದದ್ದಕ್ಕೆ ಹಳೆಯ ಸ್ಟ್ಯಾಂಡು ಉದ್ದವಾಯಿತು. ಅದನ್ನೂ ಗಂಟಿಗೆ ಕಟ್ಟಿ ಹೊಸದನ್ನು ಮಾಡಿದರು. ಅಪ್ಪನ ಕಣ್ಣೆದುರು ನಾನು ಊರ ಅಗಸಿ ಬಾಗಿಲವರೆಗೆ ಹೋಗಿ ಬಂದೆ, ಯಾರ ಆಸರೆಯೂ ಇಲ್ಲದೆ ಕಾಲು ಊರಿ ನಿಂತೆ. ಅಪ್ಪ ಅವತ್ತೇ, ಇನ್ನೊಂದು ತಿಂಗಳು ತಡೆಯಿರಿ ಎಂದು ತಾಳಿಕೋಟೆಗೆ ಹೇಳಿ ಕಳಿಸಿದ.

ಆ ತಿಂಗಳಲ್ಲೇ ಮಳೆ ಹತ್ತಿತು. ನಮ್ಮ ಕಡೆಯ ಎರೆ ಮಣ್ಣು ಗೊತ್ತಲ್ಲ, ಒಂದು ಹದ ಮಳೆಯಾದರೆ ಕಾಲಿಟ್ಟವನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಹೊಲದ ಹಾದಿಯಲ್ಲಿ ಹಿಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು ಗಾಲಿ ಗಕ್ಕನೆ ನಿಂತಿತು, ನಾನು ಹಾರಿ ಬಿದ್ದೆ. ಮೊಣಕಾಲು ಕೆತ್ತಿದ್ದು ಬಿಟ್ಟರೆ ಏನಾಗಿರಲಿಲ್ಲ. ಆದರೆ ಗಾಡಿಯನ್ನು ಎತ್ತಿನ ಬಂಡಿಯಲ್ಲಿ ಹೇರಿ ತಂದೆವು. ಅಪ್ಪನಿಗೆ ಮೊದಲು ಕಂಡದ್ದು ಬಂಡಿಯಲ್ಲಿ ಮಲಗಿದ ಗಾಡಿ. ಹಿಂದೆ ನಡೆದು ಬರುತ್ತಿದ್ದ ನಾನು ಕಾಣಲಿಲ್ಲ. ಅಲ್ಲೇ ಕಟ್ಟೆಗೆ ಕುಸಿದು ಕೂತುಬಿಟ್ಟ. ಆಮೇಲೆ ನನ್ನನ್ನು ನೋಡಿ, "ನಾಳೆ ತಾಳಿಕೋಟಿಯವಗ ಹೇಳಿ ಕಳಸ್ತೇನಿ. ಒಯ್ಯಲಿ" ಎಂದ. ಆ ಮುಖ ನೋಡಿದವನು ಗಾಡಿ ಇಳಿಸಿಕೊಳ್ಳಲು ಬಂಡಿಯ ಕಡೆ ಹೋದೆ.

ಸುದ್ದಿ ಕೇಳಿ ಮಿಸ್ತ್ರಿ ಬೆಳಿಗ್ಗೆಯೇ ಬಂದರು. ಕಟ್ಟೆಯ ಮೇಲೆ ನಾಲ್ಕಾರು ಹಿರಿಯರಿದ್ದರು. ಮಡ್‌ಗಾರ್ಡಿನ ಕೆಳಗೆ ಬೆರಳು ಹಾಕಿ ಒಣಗಿದ ಹೆಂಟೆಯೊಂದನ್ನು ಕಿತ್ತು ಅಂಗೈಯಲ್ಲಿ ಹಿಡಿದು ನೋಡಿದರು.

"ನಿಮ್ಮದೇನ್ ತಪ್ಪ ಮಿಸ್ತ್ರಿ" ಎಂದ ಅಪ್ಪ. "ಮಳ್ಯಾಗ ಹೊಲದ ಹಾದಿ ಹಿಡದದ್ದು ಇವನ ತಪ್ಪು."

"ಇಲ್ರಿ ಗೌಡ್ರ. ಅಂವಂದಲ್ಲ, ನಂದು. ಬ್ಯಾಸಗ್ಯಾಗ, ಕಲ್ಲಿನ ಮ್ಯಾಲ ನಿಲ್ಲಿಸಿ ಅಳತಿ ಮಾಡಿದೆ. ಗಾಡಿ ಕೆಳಗ ಬಂದ್ರ ಗಾಲಿ ಮ್ಯಾಲಿನ ಸಂದಿ ಸಣ್ಣದಾಗತೈತಿ. ಎರಿಮಣ್ಣಿಗಿ ಜಾಗಾ ಬಿಡಬೇಕಿತ್ತು. ಎರ್ಯಾಗ ಹುಟ್ಟಿ ಎರಿ ಮರತೆ."

ಮಿಸ್ತ್ರಿ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತಪ್ಪು ಆಗಲೇ ನನ್ನ ತಲೆಗೆ ಬಂದಿತ್ತು. ಊರ ಹಿರಿಯರ ಮುಂದೆ, ಕೇಳದಿದ್ದರೂ ತನ್ನ ಕೈಕೆಲಸದ ತಪ್ಪನ್ನು ತಾನೇ ಎತ್ತಿ ಹೇಳಿದ ಕಸಬುದಾರನನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಮ್ಮ ಅಂಗಳದಲ್ಲೇ ಕೂತು ಮಧ್ಯಾಹ್ನದೊಳಗೆ ಮಡ್‌ಗಾರ್ಡನ್ನು ಏರಿಸಿದರು. ಎದ್ದು ಕೈ ಒರೆಸಿಕೊಂಡು ಅಪ್ಪನಿಗೆ ಹೇಳಿದರು.

"ಹಿಂದ ಕುಂದರ್ರಿ ಗೌಡ್ರ. ಅದ ಹೊಲದ ಹಾದಿಗೆ ಹೋಗಿ ಬರ್ರಿ. ನಿಮ್ಮ ಭಾರಕ್ಕ ಮತ್ತ ಸಿಕ್ಕೊಂಡ್ರ ತಾಳಿಕೋಟಿಗೆ ನಾನ ಮುಟ್ಟಿಸಿ ಬರ್ತೇನಿ."

ಅಪ್ಪ ಅಣ್ಣನ ಹಿಂದೆಯೂ ಎಂದೂ ಕೂತವನಲ್ಲ. ಧೋತರ ಎತ್ತಿ ಕಟ್ಟಿ ಕೂತ. ಹೋಗುವಾಗ ಅವನ ಕೈ ನನ್ನ ಹೆಗಲನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿತ್ತು. ತಿರುಗಿ ಬರುವಾಗ ಸುಮ್ಮನೆ ಮೇಲಿತ್ತು, ಅಷ್ಟೇ. ತಾಳಿಕೋಟೆಯ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಆರೇಳು ವರ್ಷಗಳ ನಂತರ ಮಿಸ್ತ್ರಿ ತಮ್ಮ ಶೆಡ್ಡಿನಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅಳತೆಗೆ ಹೋಗಿದ್ದ ಹಳ್ಳಿಯಿಂದ ನಾನು ಅದೇ ಗಾಡಿಯ ಮೇಲೆ ಬಂದೆ. ಶೆಡ್ಡಿನ ತೊಲೆಯಲ್ಲಿ ಅಣ್ಣನ ಗಂಟು ಹಾಗೆಯೇ ತೂಗುತ್ತಿತ್ತು. ಮನೆಯಲ್ಲಿ ಮುಖ ತೋರಿಸಿದರು. ತೊಳೆದ ಗಡ್ಡ ಎರಡೂ ಕಡೆ ಒಂದೇ ಕೆಂಪು. ನನಗೆ ಒಂದು ಕ್ಷಣ ಗುರುತು ಹತ್ತಲಿಲ್ಲ, ಆಮೇಲೆ ಅಳು ತಡೆಯಲಾಗಲಿಲ್ಲ.

ಶವವಿಟ್ಟ ಜನಾಜಾ ಎತ್ತಿದರು. ಪಾಳಿಯ ಮೇಲೆ ಎಲ್ಲರೂ ಹತ್ತಿಪ್ಪತ್ತು ಹೆಜ್ಜೆ ಹೆಗಲು ಕೊಡುತ್ತಿದ್ದರು. ನನ್ನ ಪಾಳಿ ಬಂತು. ಹಿಂದಿನ ಬದಿಗೆ ಹೋಗಿ ನಿಂತರೆ ಅದರ ಹಿಡಿಯ ಕಟ್ಟಿಗೆ ನನ್ನ ಹೆಗಲಿಗಿಂತ ಗೇಣು ಮೇಲಿತ್ತು. ಕೈಯೆತ್ತಿ ಬರೀ ಅಂಗೈ ತಾಗಿಸಿಕೊಂಡು ನಡೆದೆ. ಅವತ್ತು ನನ್ನ ಗಿಡ್ಡತನದ ಮೇಲೆ ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಮುಂದೆ ಹೆಗಲು ಕೊಟ್ಟಿದ್ದ ಅವರ ದೊಡ್ಡ ಮಗ ಹೊರಳಿ ನೋಡಿದ.

"ಇಳಿಸ್ರಿ" ಎಂದ, ಮೆಲ್ಲಗೆ.

ನನ್ನ ಪಕ್ಕದವರು ಮೊಣಕಾಲು ಬಗ್ಗಿಸಿದರು. ಕಟ್ಟಿಗೆ ಬಂದು ನನ್ನ ಹೆಗಲ ಮೇಲೆ ಕೂತಿತು. ಜನಾಜಾ ಹಿಂದಕ್ಕೆ ವಾಲಿತು. ಮಗ ತನ್ನ ಜೊತೆಯವನ ಕಡೆ ನೋಡಿ, "ಮುಂದೂ ಅಷ್ಟ ಇಳಿಸ್ರಿ" ಎಂದು ತಾನೂ ಬಗ್ಗಿದ.

ಹಾಗೆಯೇ ಅವರು ಮೂವರು ಬಗ್ಗಿಕೊಂಡು, ನಾನು ನೆಟ್ಟಗೆ, ನಾಲ್ವರೂ ನಡೆದೆವು. ಶೆಡ್ಡಿನ ಬೇವಿನ ಗಿಡ ದಾಟುವ ತನಕ ಮಿಸ್ತ್ರಿ ನನ್ನ ಅಳತೆಗೆ ಇಳಿದು ಬಂದರು.