ಹೆರಿಗೆಗೆ ಮುಂಚೆ ತೆಗೆದ ಬಳೆಗಳು

ಮೊದಲು ಕೈಕೊಟ್ಟದ್ದು ಕಾಲು. ಮುಂಬಯಿ ಕುರ್ಲಾದ ನಮ್ಮ ಚಾಳಿನಲ್ಲಿ ನಲ್ಲಿಯಿಂದ ನೀರು ತರುವಾಗ ಬಲಕ್ಕೆ ವಾಲಿದೆ. ಕೊಡ ಬಿತ್ತು. ಆಗ ನನಗೆ ಆರು ತಿಂಗಳು, ಚೊಚ್ಚಲ ಬಸಿರು.

“ಪಿತ್ತ ಅದು. ಬಸುರಿಗೆ ಇರುವುದೇ,” ಎಂದು ಉಡುಪಿಯಿಂದ ಬಂದಿದ್ದ ಅತ್ತೆ ಪಿತ್ತ ಇಳಿಸುವ ಪುನರ್ಪುಳಿ ಹಣ್ಣಿನ ನೀರು ಕೊಟ್ಟರು. ಕುಡಿದೆ. ಕೆಲವೇ ದಿನಗಳಲ್ಲಿ ಒಂದು ಲೋಟ ಎರಡಾಗಿ ಕಾಣತೊಡಗಿತು, ನಾಲಿಗೆ ತೊದಲಿತು. ಸ್ಟೇಷನ್ನಿನಲ್ಲಿ ನಾನು ತೂರಾಡಿದ್ದನ್ನು ನೋಡಿ ಯಾರೋ ಹೆಂಗಸು, ಬಸುರಿಯಾಗಿಯೂ ಕುಡಿದಿದ್ದಾಳೆ ಎಂದು ಮೂಗು ಮುರಿದಳು. ಮೈಯೆಲ್ಲ ಉರಿಯಿತು. ಇದು ಪಿತ್ತವಲ್ಲ, ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಎಂದು ಹಠ ಹಿಡಿದೆ. ಹೋಟೆಲಿನಲ್ಲಿ ದೋಸೆ ಹೊಯ್ಯುವ ನನ್ನ ಗಂಡ ರಜೆ ಹಾಕಿ ಕರೆದೊಯ್ದರು.

ಡಾಕ್ಟರು ಬೆರಳಿನಿಂದ ಮೂಗು ಮುಟ್ಟಿಸಿದರು, ಗೆರೆಯ ಮೇಲೆ ನಡೆಸಿದರು. ಬಸುರಿಗೆ ಎಕ್ಸ್‌ರೇ ಬೇಡ, ಮೈಯನ್ನೆಲ್ಲ ಕೈಯಲ್ಲೇ ಪರೀಕ್ಷಿಸಬೇಕು ಎಂದರು. ಕಾಲಿನ ತೊಂದರೆಗೆ ಎದೆ ನೋಡುವುದೇಕೆ? ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಲೇಡಿ ಡಾಕ್ಟರ್ ಬಂದು ನೋಡಿದರು. ಎಡಗಡೆ ಗಂಟೊಂದಿತ್ತು. ಹಾಲು ಕಟ್ಟುತ್ತಿದೆ ಎಂದುಕೊಂಡಿದ್ದೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್.

ಎದೆಯಲ್ಲಿ ಅಡಗಿದ್ದ ಅದು, ಮೈಯ ಸಮತೋಲ ಕಾಯುವ ಮೆದುಳಿನ ಭಾಗಕ್ಕೆ ದೂರದಿಂದಲೇ ಪೆಟ್ಟು ಕೊಡುತ್ತಿದೆಯಂತೆ. ಕೆಟ್ಟದ್ದು ಪೂರ್ತಿ ಸರಿಹೋಗದು. ಆಪರೇಷನ್ ಆದರೆ ಅಲ್ಲಿಗೇ ನಿಲ್ಲಬಹುದು. ಕಾಯುವಂತಿಲ್ಲ. ಮಗು ಉಳಿಯುವ ಆಸೆಯಿದೆ, ಆದರೆ ಮಾತು ಕೊಡಲಾಗದು ಎಂದರು.

ಏಳನೇ ತಿಂಗಳ ಬಯಕೆ ಶಾಸ್ತ್ರ ಆಗಷ್ಟೇ ಮುಗಿದಿತ್ತು. ಕೈತುಂಬ ಹಸಿರು ಗಾಜಿನ ಬಳೆ. ಆಪರೇಷನ್ ದಿನ ಸಿಸ್ಟರ್ ಅವನ್ನು ತೆಗೆಯಲು ಹೇಳಿದರು.

“ಹೆರಿಗೆ ಆಗುವ ತನಕ ಅದನ್ನು ತೆಗೀಲಿಕ್ಕಿಲ್ಲ. ಆಪರೇಷನ್ ಬೇಕಾದ್ರೆ ಆಮೇಲೆ ಮಾಡ್ಲಿ,” ಅತ್ತೆ ಅಡ್ಡ ನಿಂತರು. ಗಂಡ ತಲೆ ತಗ್ಗಿಸಿದರು.

ನಾನೇ ಎಳೆಯಲು ನೋಡಿದೆ. ಬೆರಳು ಬಳೆಗೆ ತಾಗದೆ ಗಾಳಿಯಲ್ಲಿ ತಡಕಾಡಿತು. ಅತ್ತೆ ಅದನ್ನು ಕಂಡರು.

“ಅತ್ತೆ, ನನಗೆ ಬದುಕಬೇಕು. ಮಗುವನ್ನು ಸಾಕಬೇಕು. ನೀವೇ ತೆಗೀರಿ,” ತೊದಲುತ್ತಲೇ ಹೇಳಿದೆ.

ಅವರು ನನ್ನ ಕೈ ಹಿಡಿದರು. ತೆಂಗಿನೆಣ್ಣೆ ಸವರಿ, ಒಂದೂ ಒಡೆಯದಂತೆ ಒಂದೊಂದಾಗಿ ಜಾರಿಸಿದರು. ಎಲ್ಲವನ್ನೂ ಸೆರಗಿಗೆ ಕಟ್ಟಿಕೊಂಡು ಥಿಯೇಟರಿನ ಬಾಗಿಲಾಚೆ ಕೂತರು.

ಒಂದು ಮೊಲೆ ಹೋಯಿತು. ಎರಡು ತಿಂಗಳ ಮೇಲೆ ಮಗಳು ಬಂದಳು. ಆಳು ಸಣ್ಣದು, ಗಂಟಲು ದೊಡ್ಡದು.

ಸದ್ಯಕ್ಕೆ ಕ್ಯಾನ್ಸರ್ ಮರಳಿಲ್ಲ. ಚೆಕಪ್ ಹತ್ತಿರ ಬಂದಾಗಲೆಲ್ಲ ಹೆದರುತ್ತೇನೆ. ಕಾಲು ಸರಿಯಾಗಿಲ್ಲ, ಆಗುವುದೂ ಇಲ್ಲ. ಅದಕ್ಕಾಗಿ ಅತ್ತದ್ದೂ ಇದೆ, ಸುಳ್ಳೇಕೆ ಹೇಳಲಿ? ಮಗುವನ್ನೆತ್ತಿಕೊಂಡು ನಡೆಯುವಂತಿಲ್ಲ. ಹಾಗಾಗಿ ಅವಳನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೇ ಸರಿಯುತ್ತೇನೆ, ಸ್ಟೋವಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಈಗ ಅವಳೂ ಅಂಬೆಗಾಲಿಡುತ್ತಾಳೆ. ನಿನ್ನೆ ಇಬ್ಬರೂ ಬಾಗಿಲಿನತ್ತ ಹೊರಟೆವು. ಅವಳು ಮೊದಲು ಮುಟ್ಟಿ, ತಿರುಗಿ ನನ್ನನ್ನು ನೋಡಿದಳು. ನಾನು ಬಿಡುತ್ತೇನೆಯೇ? ನಾನೂ ಮುಟ್ಟಿದೆ.